ಮಹಡಿಗಳ ಲೆಕ್ಕದಲ್ಲಿ ಕಳೆದುಹೋಗುತ್ತಿದ್ದ ದಡ

ನದಿಯಂಚಿನ ಹಳೆಯ ಗೋದಾಮಿನ ಗೇಟಿಗೆ ಪ್ರಕಟಣೆ ಅಂಟಿಸಿದ ದಿನ ನಾನು ಅದನ್ನು ನಿಂತಲ್ಲೇ ಮೂರು ಸಲ ಓದಿದೆ. ಗೋದಾಮನ್ನು ಕೆಡವಿ ಆ ಜಾಗದಲ್ಲಿ 34 ಮಹಡಿಗಳ ಎರಡು ವಸತಿ ಗೋಪುರಗಳನ್ನು ಕಟ್ಟಲು ಅನುಮತಿ ಕೇಳಲಾಗಿದೆ, ಆಕ್ಷೇಪಣೆಯಿದ್ದವರು 30 ದಿನಗಳೊಳಗೆ ಬರೆದು ಸಲ್ಲಿಸಬೇಕು ಎಂದು ಅದರಲ್ಲಿತ್ತು. ಅಲ್ಲಿಯವರೆಗೆ ನಮ್ಮ ಬಡಾವಣೆಯಲ್ಲಿ ಐದು ಮಹಡಿಗಿಂತ ಎತ್ತರದ ಕಟ್ಟಡ ಇರಲಿಲ್ಲ. ಅಂಥ ಐದು ಮಹಡಿಯ ಕಟ್ಟಡವೊಂದರ ನಾಲ್ಕನೆಯದರಲ್ಲಿ ನನ್ನ ಮನೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಗೋದಾಮಿನ ತಗಡಿನ ಚಾವಣಿಯಾಚೆ ನೀರಿನ ಒಂದು ತುಂಡು ಕಾಣುತ್ತಿತ್ತು. ಪ್ರಕಟಣೆ ಓದಿದಾಗ ಮೊದಲು ಹೊಳೆದದ್ದು, ಆ ತುಂಡು ಹೋಗುತ್ತದಲ್ಲ ಎಂಬುದು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಮುಂದಿನ ಹದಿನೆಂಟು ತಿಂಗಳು ನಾನು ಸಭೆಗಳಲ್ಲಿ ಆಡಿದ ಮಾತುಗಳಲ್ಲಿ ನದಿ, ಪರಿಸರ, ಸಾರ್ವಜನಿಕ ಹಿತ ಎಂಬ ಪದಗಳು ಬಂದವೇ ಹೊರತು ಆ ಕಿಟಕಿಯ ಪ್ರಸ್ತಾಪ ಬಹಳ ದಿನ ಬರಲಿಲ್ಲ.

ನಿವಾಸಿಗಳ ಸಂಘದ ಮೊದಲ ಸಭೆಗೆ ಎಂದೂ ಬಾರದವರೂ ಬಂದಿದ್ದರು. ಕುರ್ಚಿಗಳು ಸಾಲದೆ ಅರ್ಧದಷ್ಟು ಜನ ಗೋಡೆಗೊರಗಿ ನಿಂತರು. ಅಧ್ಯಕ್ಷರು ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಇದು ನಮ್ಮ ಬಡಾವಣೆಯ ಸಾವು ಎಂದು ಮಾತು ಆರಂಭಿಸಿದರು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಆ ಚಪ್ಪಾಳೆ ನಿಲ್ಲುವುದರೊಳಗೆ ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಎದ್ದು ನಿಂತು, "ಇಲ್ಲಿ ಎಷ್ಟು ಜನ ಬಾಡಿಗೆಗೆ ಇದ್ದೀರಿ, ದಯವಿಟ್ಟು ಕೈಯೆತ್ತಿ" ಎಂದರು. ನೂರಕ್ಕೂ ಮಿಕ್ಕಿದ್ದ ಆ ಸಭೆಯಲ್ಲಿ ಎದ್ದ ಕೈಗಳು ಒಂಬತ್ತೋ ಹತ್ತೋ. ಅವರು ಹೇಳಿದ್ದಿಷ್ಟು: ಆರು ವರ್ಷಗಳಲ್ಲಿ ತಾನು ಈ ಬಡಾವಣೆಯಲ್ಲೇ ಮೂರು ಮನೆ ಬದಲಿಸಿದ್ದೇನೆ, ಪ್ರತಿ ಸಲವೂ ಮೊದಲಿಗಿಂತ ಚಿಕ್ಕ ಮನೆಗೆ ಹೋಗಿದ್ದೇನೆ, ಇಲ್ಲಿ ಮನೆಗಳು ಕಡಿಮೆ, ಬೇಕೆನ್ನುವವರು ಹೆಚ್ಚು, ಮನೆಯುಳ್ಳವರಿಗೆ ಹೊಸ ಮನೆಗಳು ಸಾವಿನಂತೆ ಕಂಡರೆ ಮನೆಯಿಲ್ಲದವರಿಗೆ ಅವು ಹಾಗೆ ಕಾಣಬೇಕಿಲ್ಲ. ಯಾರೂ ಉತ್ತರಿಸಲಿಲ್ಲ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ನಮ್ಮ ಬಿರುಕು ಶುರುವಾದದ್ದು ಅಲ್ಲಿಂದಲೇ ಎಂದು ಈಗ ಅನ್ನಿಸುತ್ತದೆ.

ಬಿರುಕು ಎರಡೇ ಹೋಳಾಗಿ ಸೀಳಿದ್ದರೆ ಅರ್ಥಮಾಡಿಕೊಳ್ಳುವುದು ಸುಲಭವಿತ್ತು. ನೀರಿನ ಎದುರಿನ ಸಾಲಿನವರಿಗೆ ನೋಟ ಹೋಗುವ ಚಿಂತೆ. ಅದರ ಹಿಂದಿನ ಬೀದಿಯವರಿಗೆ ನೋಟ ಮೊದಲೇ ಇರಲಿಲ್ಲ; ಅವರ ಚಿಂತೆ ಬಿಸಿಲಿನದು, ರಸ್ತೆಯದು. ಸ್ವಂತ ಮನೆಯವರಲ್ಲೇ ಕೆಲವರು ಪಕ್ಕದಲ್ಲಿ ಗೋಪುರ ಎದ್ದರೆ ತಮ್ಮ ಜಾಗದ ಬೆಲೆಯೂ ಏರುತ್ತದೆಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದರು, ಆದರೆ ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಂಗಡಿಯವರಿಗೆ ಹೊಸ ಗಿರಾಕಿಗಳ ಆಸೆ, ಅದರ ಜೊತೆಗೇ ಬಾಡಿಗೆ ಏರಿ ತಾವೇ ಹೊರಬೀಳುವ ಅಂಜಿಕೆ. ದೋಣಿಗಳನ್ನು ಗೋದಾಮಿನ ಮೆಟ್ಟಿಲಿನ ಬಳಿ ಕಟ್ಟುತ್ತಿದ್ದ ಐದಾರು ಕುಟುಂಬಗಳನ್ನು ಮೊದಲ ಮೂರು ಸಭೆಗಳಿಗೆ ಯಾರೂ ಕರೆದೇ ಇರಲಿಲ್ಲ. ಅವರು ಬಡಾವಣೆಯ ಮತದಾರರೂ ಅಲ್ಲ, ಸಂಘದ ಸದಸ್ಯರೂ ಅಲ್ಲ. ಆದರೆ ಆ ದಡವನ್ನು ದಿನವೂ ಮುಟ್ಟುತ್ತಿದ್ದವರು ಅವರೊಬ್ಬರೇ.

ಆಕ್ಷೇಪಣೆ ಬರೆಯುವ ಉಪಸಮಿತಿಗೆ ನನ್ನನ್ನು ಸೇರಿಸಿದರು. ಕಟ್ಟಡಗಳಿಗೆ ಅನುಮತಿ ಕೊಡುವ ಪ್ರಾಧಿಕಾರದ ಕಚೇರಿಯಲ್ಲಿ ನಕ್ಷೆಗಳನ್ನು ನೋಡಲು ಮೂರು ಮಧ್ಯಾಹ್ನ ಕುಳಿತೆ. ಮೊದಲ ದಿನ ನನಗೆ ಏನೂ ಅರ್ಥವಾಗಲಿಲ್ಲ ಎನ್ನಬೇಕು. ನನ್ನಂತೆ ಮೊದಲ ಸಲ ಇಂಥ ಕೆಲಸಕ್ಕೆ ಇಳಿಯುವವರಿಗೆ ತಿಳಿದಿರಬೇಕಾದ ಒಂದು ಸಂಗತಿಯೆಂದರೆ, ಒಂದು ಜಾಗದಲ್ಲಿ ಎಷ್ಟು ಕಟ್ಟಬಹುದು ಎಂಬುದನ್ನು ಸಾಮಾನ್ಯವಾಗಿ ಮಹಡಿಗಳ ಸಂಖ್ಯೆಗಿಂತ ಹೆಚ್ಚಾಗಿ ತೀರ್ಮಾನಿಸುವುದು ನೆಲ ವಿಸ್ತೀರ್ಣದ ಅನುಪಾತ, ಅಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಎಂಬ ಲೆಕ್ಕ. ನಿವೇಶನದ ಅರ್ಧ ಭಾಗವನ್ನು ಆವರಿಸುವ ನಾಲ್ಕು ಮಹಡಿಯ ಕಟ್ಟಡಕ್ಕೂ, ಹತ್ತನೇ ಒಂದು ಭಾಗವನ್ನು ಮಾತ್ರ ಆವರಿಸುವ ಇಪ್ಪತ್ತು ಮಹಡಿಯ ಗೋಪುರಕ್ಕೂ ಈ ಅನುಪಾತ ಒಂದೇ, ಎರಡು. ಲೆಸ್ಲಿ ಮಾರ್ಟಿನ್ ಮತ್ತು ಲಯೊನೆಲ್ ಮಾರ್ಚ್ ಎಂಬ ಇಬ್ಬರು ಸಂಶೋಧಕರು ಕೇಂಬ್ರಿಜ್‌ನಲ್ಲಿ 1960ರ ದಶಕದಲ್ಲೇ ಇದರ ಗಣಿತವನ್ನು ವಿವರವಾಗಿ ಮಾಡಿ, ಹೆಚ್ಚು ಜನರಿಗೆ ಮನೆ ಕೊಡಬೇಕಾದರೆ ಗೋಪುರವೇ ಆಗಬೇಕೆಂದಿಲ್ಲ, ಅಂಗಳವನ್ನು ಸುತ್ತುವರಿದ ತಗ್ಗು ಕಟ್ಟಡಗಳಲ್ಲೂ ಅಷ್ಟೇ ಜಾಗ ಹುಟ್ಟಿಸಬಹುದು ಎಂದು ತೋರಿಸಿದ್ದರು. ನಾನು ಇದನ್ನು ಓದಿ ಹಿಗ್ಗಿದೆ. ಇದರ ಮತ್ತೊಂದು ಮುಖ ಆಗ ನನಗೆ ಕಾಣಲಿಲ್ಲ: ಅನುಪಾತವನ್ನು ಮುಟ್ಟದೆ ಎತ್ತರವನ್ನು ಮಾತ್ರ ಇಳಿಸಿದರೆ ಕಟ್ಟಡ ಅಡ್ಡಕ್ಕೆ ಬೆಳೆಯುತ್ತದೆ. ನದಿಯ ಬದಿಯಲ್ಲಿ ಅಡ್ಡಕ್ಕೆ ಬೆಳೆಯುವುದೆಂದರೆ ದಡವನ್ನು ತಿನ್ನುವುದು.

ಎತ್ತರ ಎಷ್ಟೆಂದು ಜನರಿಗೆ ಕಣ್ಣಾರೆ ತೋರಿಸಲು ಬಲೂನು ಹಾರಿಸಬೇಕೆಂದು ನಾವು ನಿರ್ಧರಿಸಿದೆವು. ಗಾಳಿಯಿದ್ದರೆ ದಾರ ವಾಲಿ ಎತ್ತರ ತಪ್ಪಾಗುತ್ತದೆ, ಹಾಗಾಗಿ ನಸುಕಿನಲ್ಲಿ, ನೀರು ಕನ್ನಡಿಯಂತೆ ನಿಂತಿರುವ ಹೊತ್ತಿಗೆ ಗೋದಾಮಿನ ಗೇಟಿನ ಬಳಿ ಸೇರಿದೆವು. ದಾರಕ್ಕೆ ಪ್ರತಿ ಹತ್ತು ಮೀಟರಿಗೊಂದು ಕಪ್ಪು ಗಂಟು ಹಾಕಿದ್ದೆವು. ಪಕ್ಕದ ಮನೆಯ ಹುಡುಗ ಸುರುಳಿ ಹಿಡಿದು ಒಂದೊಂದೇ ಗಂಟು ಬೆರಳಿನಿಂದ ಜಾರುವಾಗ ಗಟ್ಟಿಯಾಗಿ ಎಣಿಸುತ್ತಿದ್ದ. ಎರಡನೆಯ ಗಂಟಿಗೆ ಬಲೂನು ಸುತ್ತಲಿನ ಎಲ್ಲ ಚಾವಣಿಗಳನ್ನೂ ದಾಟಿ ಹೋಯಿತು. ಹತ್ತನೆಯ ಗಂಟು ಜಾರಿ, ಇನ್ನೂ ಐದು ಮೀಟರ್ ಬಿಟ್ಟು, 105 ಮೀಟರಿಗೆ ಸುರುಳಿಯನ್ನು ಗೂಟಕ್ಕೆ ಸುತ್ತಿದಾಗ ಕೆಂಪು ಬಲೂನಿನ ಮೇಲೆ ಬಿಸಿಲು ಬಿದ್ದಿತ್ತು. ಕೆಳಗೆ ನಿಂತ ನಮ್ಮ ಮೇಲೆ ಇನ್ನೂ ಬಿದ್ದಿರಲಿಲ್ಲ. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು "ಅಯ್ಯೋ, ಇಷ್ಟೆತ್ತರವೇ" ಎಂದರು, ಅವರ ಪಕ್ಕದಲ್ಲಿದ್ದವರು "ಇಷ್ಟೇನಾ" ಎಂದರು. ಒಂದೇ ಬಲೂನನ್ನು ನೋಡಿ ಇಬ್ಬರಿಗೂ ತಮ್ಮ ತಮ್ಮ ನಿಲುವೇ ಸರಿ ಎನ್ನಿಸಿತ್ತು. ಬಲೂನಿನ ಮಿತಿ ನನಗೆ ತಿಳಿದದ್ದು ಬಹಳ ತಡವಾಗಿ. ಅದು ಎತ್ತರದ ಒಂದು ಚುಕ್ಕೆಯನ್ನು ತೋರಿಸುತ್ತದೆ, ಅಗಲವನ್ನು ತೋರಿಸಲಾರದು.

ನೆರಳಿನ ಲೆಕ್ಕ ಇನ್ನಷ್ಟು ಸ್ಪಷ್ಟವಾಗಿತ್ತು. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದರೆ ನೆರಳಿನ ಉದ್ದ ಕಟ್ಟಡದ ಎತ್ತರದಷ್ಟೇ. 30 ಡಿಗ್ರಿಗೆ ಇಳಿದರೆ ಎತ್ತರದ 1.73 ಪಟ್ಟು. ನಮ್ಮ ಗೋಪುರಗಳಿಗೆ ಅದು ಸುಮಾರು 180 ಮೀಟರ್ ಆಗುತ್ತಿತ್ತು. ನಾನು ಮತ್ತು ಹಿಂದಿನ ಬೀದಿಯ ಇಬ್ಬರು ಅಳತೆಪಟ್ಟಿ ಹಿಡಿದು ಅಷ್ಟು ದೂರ ನಡೆದು ಸುಣ್ಣದಲ್ಲಿ ಗೆರೆ ಎಳೆದೆವು. ಗೆರೆ ಶಾಲೆಯ ಆಟದ ಮೈದಾನದ ಮಧ್ಯಕ್ಕೆ ಬಂತು. ಆದರೂ ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ತೆಳ್ಳಗಿನ ಗೋಪುರದ ನೆರಳು ಗಡಿಯಾರದ ಮುಳ್ಳಿನಂತೆ ಸರಿಯುತ್ತಾ ಹೋಗುತ್ತದೆ, ಒಂದು ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಗಲವಾದ, ತಗ್ಗಿನ ಕಟ್ಟಡದ ನೆರಳು ಚಿಕ್ಕದಾದರೂ ಬಿದ್ದಲ್ಲೇ ಬಹಳ ಹೊತ್ತು ಕೂರುತ್ತದೆ. ಗೆರೆಯ ಚಿತ್ರವನ್ನು ಆಕ್ಷೇಪಣೆಗೆ ಲಗತ್ತಿಸಿದೆವು, ಈ ಎರಡನೆಯ ಮಾತನ್ನು ಸೇರಿಸಲಿಲ್ಲ. ಸೇರಿಸೋಣ ಎಂದು ಉಪಸಮಿತಿಯಲ್ಲಿ ಒಬ್ಬರು ಹೇಳಿದ್ದರು. ನಮ್ಮ ವಾದ ದುರ್ಬಲವಾಗುತ್ತದೆ ಎಂದು ಬೇಡವೆಂದವರಲ್ಲಿ ನಾನೂ ಒಬ್ಬ. ಅದು ತಪ್ಪು, ಮತ್ತು ಅದರ ಬೆಲೆಯನ್ನು ಮುಂದೆ ತೆರಬೇಕಾಯಿತು.

ಸಭೆಗಳಲ್ಲಿ ಬೇರೆ ಊರುಗಳ ಉದಾಹರಣೆಗಳು ಕಲ್ಲಿನಂತೆ ಅತ್ತಿಂದಿತ್ತ ಹಾರುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2014ರ ಜೂನ್‌ನಲ್ಲಿ, ಬಂದರು ಇಲಾಖೆಯ ಸ್ವಾಧೀನದಲ್ಲಿರುವ ನೀರಂಚಿನ ಜಾಗದಲ್ಲಿ ಈಗಿರುವ ಎತ್ತರದ ಮಿತಿಯನ್ನು ಮೀರಬೇಕಾದರೆ ಜನರ ಮತ ಪಡೆಯಲೇಬೇಕು ಎಂಬ ನಿಯಮವನ್ನು ಅಂಗೀಕರಿಸಿದ್ದನ್ನು ಅಧ್ಯಕ್ಷರು ಸಂಭ್ರಮದಿಂದ ಹೇಳಿದರು. ಶಿಕ್ಷಕಿ ಅದರ ಮುಂದಿನ ಅಧ್ಯಾಯವನ್ನು ಓದಿಕೊಂಡು ಬಂದಿದ್ದರು. ಅದೇ ಊರಿನ ಜನ 2014ರ ನವೆಂಬರಿನಲ್ಲಿ ಒಂದು ಯೋಜನೆಗೆ, 2015ರಲ್ಲಿ ಇನ್ನೊಂದಕ್ಕೆ, ಎತ್ತರ ಹೆಚ್ಚಿಸಲು ತಾವೇ ಒಪ್ಪಿಗೆ ಕೊಟ್ಟರು. ಎರಡನೆಯದರಲ್ಲಿ ಶೇಕಡಾ 40ರಷ್ಟು ಮನೆಗಳು ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಎಂದು ಬರೆದುಕೊಡಲಾಗಿತ್ತು. "ಜನ ಎತ್ತರವನ್ನು ವಿರೋಧಿಸಲಿಲ್ಲ, ತಮಗೇನೂ ಸಿಗದ ಎತ್ತರವನ್ನು ವಿರೋಧಿಸಿದರು" ಎಂದರು ಶಿಕ್ಷಕಿ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಕಟ್ಟಿದ ಮೇಲೆ ಯಾರು ಕೆಡವುತ್ತಾರೆ ಎಂದು ಯಾರೋ ನಿಟ್ಟುಸಿರಿಟ್ಟಾಗ ಕೊಚ್ಚಿಯ ಮರಡಿನ ಹೆಸರು ಬಂತು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ನೀರಂಚಿನಲ್ಲಿ ಕಟ್ಟಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಹೇಳಿತು. 2020ರ ಜನವರಿ 11 ಮತ್ತು 12ರಂದು ಅವುಗಳನ್ನು ಸ್ಫೋಟಿಸಿ ನೆಲಸಮ ಮಾಡಲಾಯಿತು. ನಮ್ಮವರು ಇದನ್ನು ಗೆಲುವಿನ ಕಥೆಯಂತೆ ಹೇಳಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳಿದ್ದವು, ಉಳಿತಾಯವನ್ನೆಲ್ಲ ಸುರಿದು ಕೊಂಡವರಿದ್ದರು. ನಿಯಮವನ್ನು ನಕ್ಷೆಯ ಹಂತದಲ್ಲೇ ನೋಡಬೇಕಿದ್ದವರು ನೋಡದೆ ಹೋದರೆ ಅದರ ಶಿಕ್ಷೆ ಕಟ್ಟಕಡೆಗೆ ಬಂದು ವಾಸವಿದ್ದವರ ಮೇಲೆ ಬೀಳುತ್ತದೆ.

ನಮ್ಮ ಚರ್ಚೆಯನ್ನು ನಿಜವಾಗಿ ನೆಲಕ್ಕಿಳಿಸಿದವರು ನೆಲಮಹಡಿಯಲ್ಲಿದ್ದ ಒಬ್ಬ ನಿವೃತ್ತ ಎಂಜಿನಿಯರ್. ಅಡಿಪಾಯದ ಕೆಲಸದಲ್ಲೇ ಆಯುಷ್ಯ ಕಳೆದವರು. ಐದನೆಯ ಸಭೆಯವರೆಗೆ ಬಾಯಿ ತೆರೆದಿರಲಿಲ್ಲ. ಆ ದಿನ ಎದ್ದು, "ನೀವೆಲ್ಲ ಮೇಲೆ ನೋಡುತ್ತಿದ್ದೀರಿ. ಒಮ್ಮೆ ಕೆಳಗೂ ನೋಡಿ" ಎಂದು, ಗೋದಾಮಿನ ಜಾಗದಲ್ಲಿ ವಾಹನ ನಿಲುಗಡೆಗೆಂದು ಮೂರು ತಳಮಹಡಿಗಳನ್ನು ತೋಡುವ ಹಾಳೆಯನ್ನು ಮುಂದಿಟ್ಟರು. ಅದನ್ನು ನಾನು ಕಚೇರಿಯಲ್ಲಿ ಎರಡು ಸಲ ತಿರುವಿಹಾಕಿದ್ದೆ, ಓದಿರಲಿಲ್ಲ. ಅವರು ಸುಣ್ಣದಕಡ್ಡಿ ಹಿಡಿದು ವಿವರಿಸಿದ್ದು ಇಂದಿಗೂ ನೆನಪಿದೆ. ನದಿಯ ಪಕ್ಕ ಎರಡು ಮೀಟರ್ ಅಗೆದರೆ ನೀರು. ತಳಮಹಡಿ ಹತ್ತು ಮೀಟರ್ ಆಳ. ನೀರಿನ ಮಟ್ಟಕ್ಕಿಂತ ಒಂದೊಂದು ಮೀಟರ್ ಕೆಳಗಿಳಿದಂತೆ ಪ್ರತಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಒತ್ತಡ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಅಂದರೆ ಕೊನೆಯ ತಳದಲ್ಲಿ ಚದರ ಮೀಟರಿಗೆ ಎಂಟು ಟನ್. ಗೋಪುರ ನಿಂತಲ್ಲಿ ಅದರ ಭಾರವೇ ಅದನ್ನು ಅದುಮಿ ಹಿಡಿಯುತ್ತದೆ. ಎರಡು ಗೋಪುರಗಳ ನಡುವಿನ ಅಂಗಳದ ಕೆಳಗೆ ಭಾರವಿಲ್ಲ. ಅಲ್ಲಿ ತಳವನ್ನು ನೆಲಕ್ಕೆ ಬಿಗಿದು ಹಿಡಿಯುವ ಪೈಲುಗಳು, ಅಂದರೆ ನೆಲದಾಳಕ್ಕೆ ಇಳಿಸಿದ ಕಂಬಗಳು ಬೇಕು, ಇಲ್ಲದಿದ್ದರೆ ಅದು ಖಾಲಿ ದೋಣಿಯಂತೆ ಮೇಲೇಳಲು ನೋಡುತ್ತದೆ.

"ಅದನ್ನು ಅವರು ಸರಿಯಾಗಿ ಮಾಡಿಕೊಳ್ಳುತ್ತಾರೆ, ಅದು ಅವರ ಕಟ್ಟಡ" ಎಂದು ಮುಂದುವರಿಸಿದರು. "ತೋಡುವಾಗ ನೀರನ್ನು ಪಂಪ್ ಮಾಡಿ ಹೊರಹಾಕುತ್ತಲೇ ಇರಬೇಕಲ್ಲ, ಆಗ ಸುತ್ತಲಿನ ಮಣ್ಣಿನಿಂದಲೂ ನೀರು ಇಳಿಯುತ್ತದೆ. ಮೆಕ್ಕಲುಮಣ್ಣು ನೀರು ಕಳೆದುಕೊಂಡರೆ ಕುಸಿಯುತ್ತದೆ. ನಮ್ಮ ಹಳೆಯ ಮನೆಗಳ ಅಡಿಪಾಯ ಒಂದೂವರೆ ಮೀಟರ್ ಆಳವೂ ಇಲ್ಲ." ಗೋಪುರದ ಪೈಲುಗಳು ಬಂಡೆಯವರೆಗೆ ಇಳಿಯುತ್ತವೆಯೇ ಎಂದು ನಾನು ಕೇಳಿದೆ. ಅವರು ಸ್ಯಾನ್ ಫ್ರಾನ್ಸಿಸ್ಕೋದ ಮಿಲೇನಿಯಂ ಟವರಿನ ಕಥೆ ಹೇಳಿದರು. 2009ರಲ್ಲಿ ಮುಗಿದ 58 ಮಹಡಿಗಳ ಆ ಕಟ್ಟಡದ ಪೈಲುಗಳು ಬಂಡೆಯವರೆಗೆ ಇಳಿದಿರಲಿಲ್ಲ. ಅದು 16 ಇಂಚು ಕುಸಿದು ಒಂದು ಬದಿಗೆ ವಾಲಿದೆ ಎಂಬುದು 2016ರಲ್ಲಿ ಹೊರಬಿತ್ತು. ಆ ರಾತ್ರಿ ಮನೆಗೆ ಹೋಗಿ ನಮ್ಮ ಆಕ್ಷೇಪಣೆಯ ಕರಡನ್ನು ತೆಗೆದು ನೋಡಿದೆ. ಹನ್ನೊಂದು ಪುಟಗಳಲ್ಲಿ ಹತ್ತು ಎತ್ತರದ ಬಗ್ಗೆ ಇದ್ದವು. ತಳಮಹಡಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸೇರಿಸಿದೆವು, ಆದರೆ ಕೊನೆಯ ಪುಟದಲ್ಲಿ. ಶೀರ್ಷಿಕೆ ಎತ್ತರದ್ದೇ ಆಗಿ ಉಳಿಯಿತು, ಫಲಕಗಳಲ್ಲಿ 34 ಎಂಬ ಅಂಕಿಯ ಮೇಲೆ ಕೆಂಪು ಗೀಟು ಉಳಿಯಿತು. ಜನರನ್ನು ಒಟ್ಟುಗೂಡಿಸಲು ಒಂದು ಅಂಕಿ ಬೇಕು ಎಂದು ಅಧ್ಯಕ್ಷರು ಹೇಳಿದ್ದು ಸುಳ್ಳಲ್ಲ. ಸಾವಿರದ ಇನ್ನೂರು ಸಹಿಗಳು ಬಂದದ್ದು ಆ ಅಂಕಿಯಿಂದಲೇ.

ಏಳು ತಿಂಗಳ ಮೇಲೆ ಪರಿಷ್ಕೃತ ನಕ್ಷೆ ಬಂತು. 34 ಹೋಗಿ 26 ಆಗಿತ್ತು. ಸಂಘದ ಕೋಣೆಯಲ್ಲಿ ಸಂಭ್ರಮ. ಎಂಟು ಮಹಡಿ ಇಳಿಸಿದೆವು ಎಂದು ಒಬ್ಬರನ್ನೊಬ್ಬರು ಅಭಿನಂದಿಸಿದರು. ನಾನು ಹಾಳೆಯನ್ನು ಮೂಲೆಗೆ ಒಯ್ದು ಅಳತೆಕೋಲಿಟ್ಟು ನೋಡಿದೆ. ಮೊದಲು ಮಹಡಿಗೆ ಆರು ಮನೆಗಳಿದ್ದವು, ಈಗ ಎಂಟು. ಎರಡು ಗೋಪುರಗಳಲ್ಲಿ 34 ಮಹಡಿಗೆ ಆರರಂತೆ 408 ಮನೆಗಳಾಗುತ್ತಿದ್ದವು. 26 ಮಹಡಿಗೆ ಎಂಟರಂತೆ 416. ಮನೆಗಳು ಕಡಿಮೆಯಾಗುವುದಿರಲಿ, ಎಂಟು ಹೆಚ್ಚಾಗಿದ್ದವು. ಗೋಪುರಗಳು ದಪ್ಪಗಾಗಿ ನಡುವಿನ ಸಂದಿ ಕಿರಿದಾಗಿತ್ತು. ನದಿಗೂ ಕಟ್ಟಡಕ್ಕೂ ನಡುವೆ ಮೊದಲ ನಕ್ಷೆಯಲ್ಲಿ 20 ಮೀಟರ್ ಅಗಲದ ಸಾರ್ವಜನಿಕ ಹಾದಿಯಿತ್ತು. ಈಗ ಅದು ಒಂಬತ್ತು ಮೀಟರ್. ದೋಣಿ ಕಟ್ಟುವ ಮೆಟ್ಟಿಲು ನಕ್ಷೆಯಲ್ಲೇ ಇರಲಿಲ್ಲ. ಮೂರು ತಳಮಹಡಿಗಳು ಹಾಗೆಯೇ ಇದ್ದವು. ನಾವು ಕೇಳಿದ್ದನ್ನು ಅವರು ಕೊಟ್ಟಿದ್ದರು, ಮತ್ತು ನಾವು ಕೇಳದೆ ಬಿಟ್ಟದ್ದರಿಂದ ಅದನ್ನು ವಸೂಲು ಮಾಡಿಕೊಂಡಿದ್ದರು. ಇದಕ್ಕೆ ನಾನು ಅರ್ಜಿದಾರರನ್ನು ಪೂರ್ತಿ ದೂರಲಾರೆ. ಅನುಪಾತ ಅವರಿಗೆ ಕೊಟ್ಟ ಹಕ್ಕನ್ನು ಅವರು ಬಳಸಿಕೊಂಡರು. ದಡ ನಮಗೆ ಮುಖ್ಯವೆಂದು ನಾವು ಹೇಳಿಯೇ ಇರಲಿಲ್ಲ.

ಇದನ್ನು ನಾನು ಸಭೆಯಲ್ಲಿ ಹೇಳಿದಾಗ ಆದ ಜಗಳ ಆ ಹದಿನೆಂಟು ತಿಂಗಳಲ್ಲೇ ಅತ್ಯಂತ ಕಹಿಯಾದದ್ದು. ಬೇಕಾದರೆ ಗೋಪುರ ಮತ್ತೆ ಎತ್ತರವಾಗಲಿ, ಆದರೆ ತೆಳ್ಳಗಾಗಲಿ, ಹಾದಿ ವಾಪಸು ಬರಲಿ ಎಂದೆ. ಮೊದಲು ಮೌನ. ಆಮೇಲೆ ಒಬ್ಬರು, ಇವರು ಯಾರ ಪರ ಎಂದು ಕೇಳಿದರು. ಸಾವಿರದ ಇನ್ನೂರು ಜನರ ಸಹಿಗೆ ದ್ರೋಹ ಎಂದರು ಅಧ್ಯಕ್ಷರು. ಅವರ ದನಿಯಲ್ಲಿದ್ದದ್ದು ಬರೀ ಸಿಟ್ಟಲ್ಲ. ಎರಡು ಬಾರಿ ಆಸ್ಪತ್ರೆ ಸೇರಿ ಬಂದರೂ ಒಂದು ಸಭೆ ತಪ್ಪಿಸದ ಮನುಷ್ಯ ತನ್ನ ಕಷ್ಟಕ್ಕೆ ಸಿಕ್ಕ ಒಂದೇ ಫಲವನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದು ನೊಂದಿದ್ದರು. ಆಗ ನಾನು ಕಿಟಕಿಯ ವಿಷಯ ಹೇಳಿದೆ. 26 ಆದರೂ 34 ಆದರೂ ನನ್ನ ಕಿಟಕಿಯ ನೀರಿನ ತುಂಡು ಹೋಗುತ್ತದೆ, ನಾಲ್ಕನೆಯ ಮಹಡಿಯಿಂದ ನೋಡುವವನಿಗೆ ಆರನೆಯ ಮಹಡಿಯ ಮೇಲೆ ಎಷ್ಟಿದ್ದರೂ ಒಂದೇ. ಇಷ್ಟು ತಿಂಗಳು ನಾನು ಎತ್ತರವೆಂದು ಕೂಗಿದ್ದು ಆ ನೋಟಕ್ಕಾಗಿ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ ನದಿಯ ಹೆಸರು ಹೇಳುತ್ತಿದ್ದೆ ಎಂದೆ. ನೋಟ ನಾಲ್ಕಾರು ಕಿಟಕಿಗಳದು, ಹಾದಿ ಎಲ್ಲರದು ಎಂದೆ. ಶಿಕ್ಷಕಿ ತಲೆಯಾಡಿಸಿದರು. ನೀರಿನ ಎದುರಿನ ಸಾಲಿನವರಲ್ಲಿ ಹಲವರು ಎದ್ದು ಹೊರನಡೆದರು.

ಸಂಘ ಒಡೆಯಿತು. 26 ಮಹಡಿಗಳನ್ನು ಒಪ್ಪಿಕೊಂಡು ಇನ್ನೂ ಇಳಿಸಲು ಒತ್ತಾಯಿಸುವವರು ಒಂದು ಕಡೆ ಉಳಿದರು. ದಡ, ತಳಮಹಡಿ, ಬಾಡಿಗೆ ಮನೆ ಎಂದ ನಾವು ನಲವತ್ತು ಜನ ಬೇರೆ ಆಕ್ಷೇಪಣೆ ಬರೆದೆವು. ಈ ಸಲ ದೋಣಿಯವರ ಬಳಿಗೆ ಹೋದೆವು. ಅವರಲ್ಲಿ ಹಿರಿಯರೊಬ್ಬರು ನಮ್ಮನ್ನು ಗೋದಾಮಿನ ನೀರ ಬದಿಯ ಗೋಡೆಗೆ ಕರೆದೊಯ್ದು, ಪಾಚಿಯನ್ನು ಕೈಯಿಂದ ಒರೆಸಿ, ಅಂಗೈಯಗಲದ ಒಂದು ಕಬ್ಬಿಣದ ತಗಡನ್ನು ತೋರಿಸಿದರು. ಹಳೆಯ ಪ್ರವಾಹವೊಂದರ ನೀರು ಏರಿದ ಮಟ್ಟವನ್ನು ಅದರ ಮೇಲೆ ಗೆರೆ ಕೊರೆದು ಗುರುತಿಸಿದ್ದರು. ಮೊಳೆಗಳು ತುಕ್ಕುಹಿಡಿದು ಉಬ್ಬಿದ್ದವು, ಗೆರೆ ಮಾತ್ರ ಉಗುರಿಗೆ ಸಿಗುವಷ್ಟು ಆಳವಾಗಿತ್ತು. ಅದು ನನ್ನ ಎದೆಯ ಎತ್ತರಕ್ಕಿತ್ತು. ಎಂಜಿನಿಯರ್ ಸಮತಲ ನೋಡುವ ಉಪಕರಣ ತಂದು ಅಳೆದರು. ಹೊಸ ಕಟ್ಟಡದ ತಳಮಹಡಿಗೆ ವಾಹನಗಳು ಇಳಿಯುವ ಇಳಿಜಾರಿನ ಬಾಯಿ ಆ ಗೆರೆಗಿಂತ 40 ಸೆಂಟಿಮೀಟರ್ ಕೆಳಗೆ ಬರುತ್ತಿತ್ತು. ಅಂಥದೇ ಪ್ರವಾಹ ಮತ್ತೆ ಬಂದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ. ವಿದ್ಯುತ್ ಕೊಠಡಿಯನ್ನೂ ಅದೇ ತಳಮಹಡಿಯಲ್ಲಿ ತೋರಿಸಿದ್ದರು. ಹ್ಯಾಂಬರ್ಗ್ ನಗರ ತನ್ನ ಹಳೆಯ ಬಂದರಿನಲ್ಲಿ ಹಾಫೆನ್‌ಸಿಟಿ ಕಟ್ಟುವಾಗ ಕಟ್ಟಡಗಳನ್ನು ಸಮುದ್ರಮಟ್ಟದಿಂದ ಎಂಟು ಒಂಬತ್ತು ಮೀಟರ್ ಎತ್ತರದ ಜಗಲಿಗಳ ಮೇಲೆ ನಿಲ್ಲಿಸಿ, ನೀರಿನ ಬದಿಯ ಹಾದಿಗಳನ್ನು ತಗ್ಗಿನಲ್ಲೇ ಬಿಟ್ಟಿದೆ. ಪ್ರವಾಹ ಬಂದಾಗ ಹಾದಿ ಮುಳುಗುತ್ತದೆ, ಮನೆ ಮುಳುಗುವುದಿಲ್ಲ. ನಮ್ಮ ಆಕ್ಷೇಪಣೆಯಲ್ಲಿ ಅದರ ಚಿತ್ರ ಹಾಕಿದೆವು.

ವಿಚಾರಣೆಯ ದಿನ ಒಬ್ಬೊಬ್ಬರಿಗೆ ಮೂರು ನಿಮಿಷ. ನೆರೆಮನೆಯವರು ಎರಡು ಬದಿಯ ಬೆಂಚುಗಳಲ್ಲಿ ಹಂಚಿಹೋಗಿ ಕುಳಿತಿದ್ದನ್ನು ನೋಡಿ ಹೊಟ್ಟೆ ಕಿವುಚಿದಂತಾಯಿತು. ನಮ್ಮ ಎರಡು ಗುಂಪುಗಳ ಮಾತುಗಳು ಒಂದನ್ನೊಂದು ಹೊಡೆಯುತ್ತವೆ ಎಂಬುದನ್ನು ಅರ್ಜಿದಾರರ ವಕೀಲರು ಚೆನ್ನಾಗಿ ಬಳಸಿಕೊಂಡರು: ನಿವಾಸಿಗಳಿಗೇ ತಮಗೇನು ಬೇಕೆಂದು ಗೊತ್ತಿಲ್ಲ ಎಂದರು. ಅಗಲವಾದ ನೆರಳು ಮೈದಾನದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ನಾನು ಹೇಳಹೊರಟಾಗ, ನಮ್ಮದೇ ಮೊದಲ ಆಕ್ಷೇಪಣೆಯ ಸುಣ್ಣದ ಗೆರೆಯ ಚಿತ್ರವನ್ನು ಎತ್ತಿ ಹಿಡಿದು, ನೀವು ಉದ್ದವೇ ತಪ್ಪು ಎಂದಿರಲಿಲ್ಲವೇ ಎಂದರು. ಉತ್ತರ ಕೊಡುವಷ್ಟರಲ್ಲಿ ನನ್ನ ಮೂರು ನಿಮಿಷ ಮುಗಿದಿತ್ತು. ನಿವೃತ್ತ ಎಂಜಿನಿಯರ್ ತಮ್ಮ ಮೂರು ನಿಮಿಷಗಳಲ್ಲಿ ಒಂದೇ ವಿಷಯ ಹೇಳಿದರು, 40 ಸೆಂಟಿಮೀಟರ್. ಶಿಕಾಗೋದ ಸರೋವರದ ದಂಡೆಯ ಪ್ರಸ್ತಾಪ ಮಾಡಿದವರು ಶಿಕ್ಷಕಿ. 1836ರಲ್ಲಿ ನಕ್ಷೆಯ ಮೇಲೆ, ಇದು ಎಂದೆಂದಿಗೂ ಕಟ್ಟಡಗಳಿಲ್ಲದೆ ತೆರೆದಿರಬೇಕಾದ ಸಾರ್ವಜನಿಕ ಜಾಗ ಎಂದು ಬರೆದಿಟ್ಟ ಒಂದು ಸಾಲನ್ನು ಹಿಡಿದು ಮಾಂಟ್ಗೊಮರಿ ವಾರ್ಡ್ ಎಂಬ ವರ್ತಕ 1890ರಿಂದ ಎರಡು ದಶಕ ನ್ಯಾಯಾಲಯ ಹತ್ತಿ ಆ ದಂಡೆಯನ್ನು ಉಳಿಸಿದ್ದ. ನಮ್ಮ ಹಾದಿಗೂ ಅಂಥ ಒಂದು ಸಾಲು ಬೇಕು, ಬಾಯಿಮಾತಲ್ಲ, ಅನುಮತಿಪತ್ರದಲ್ಲಿ ಬರೆದ ಸಾಲು ಎಂದರು.

ಆದೇಶ ಬಂದದ್ದು ನಾಲ್ಕು ತಿಂಗಳ ಮೇಲೆ. ಮಹಡಿಗಳು 26ಕ್ಕೇ ನಿಂತವು. ಹಾದಿ ಒಂಬತ್ತರಿಂದ 14 ಮೀಟರಿಗೆ ಬಂತು, ಹಗಲಿರುಳು ಬಾಗಿಲು ಹಾಕದೆ ತೆರೆದಿರಬೇಕು ಎಂಬ ಷರತ್ತಿನೊಡನೆ. ದೋಣಿಯ ಮೆಟ್ಟಿಲು ಉಳಿಯಿತು. ಇಳಿಜಾರಿನ ಬಾಯಿಯನ್ನು ಪ್ರವಾಹದ ಗೆರೆಗಿಂತ ಮೇಲಕ್ಕೆ ಎತ್ತಬೇಕು, ವಿದ್ಯುತ್ ಕೊಠಡಿ ಮೇಲೆ ಬರಬೇಕು, ತಳಮಹಡಿಗಳು ಎರಡೇ ಇರಬೇಕು, ತೋಡುವ ಮೊದಲು ಸುತ್ತಲಿನ ಮನೆಗಳ ಗೋಡೆಗಳನ್ನು ದಾಖಲಿಸಿ ಬಿರುಕಿನ ಮೇಲೆ ಅಳತೆಪಟ್ಟಿ ಕೂರಿಸಬೇಕು ಎಂದಿತ್ತು. ಐದರಲ್ಲಿ ಒಂದು ಮನೆ ಕಡಿಮೆ ಬಾಡಿಗೆಗೆ ಎಂದಾಯಿತು. ಆ ಮನೆಗಳನ್ನೆಲ್ಲ ರಸ್ತೆಯ ಕಡೆಗೆ, ನೀರು ಕಾಣದ ಬದಿಯಲ್ಲಿ, ಬೇರೆ ಬಾಗಿಲಿಟ್ಟು ಜೋಡಿಸಲಾಗಿತ್ತು. ಅದನ್ನು ಓದಿ ಶಿಕ್ಷಕಿ ಅತ್ತರು. ಅದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ. ಅಷ್ಟು ಹೊತ್ತಿಗೆ ಆಕ್ಷೇಪಿಸುವ ಅವಧಿ ಮುಗಿದಿತ್ತು.

ಈಗ ಗೋಪುರಗಳು ಎದ್ದಿವೆ. ನನ್ನ ಅಡುಗೆಮನೆಯ ಕಿಟಕಿಯಲ್ಲಿ ಎದುರಿನ ಬಾಲ್ಕನಿಗಳು ಕಾಣುತ್ತವೆ. ನನ್ನ ಗೋಡೆಯ ಬಿರುಕಿನ ಮೇಲೆ ಕೂರಿಸಿದ್ದ ಅಳತೆಪಟ್ಟಿ ಒಂದೂವರೆ ಮಿಲಿಮೀಟರ್ ಸರಿದು ನಿಂತಿದೆ. ಎಂಜಿನಿಯರ್ ತಿಂಗಳಿಗೊಮ್ಮೆ ಬಂದು ಕನ್ನಡಕ ಏರಿಸಿ ಅದನ್ನು ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸಂಘದ ಮಾಜಿ ಅಧ್ಯಕ್ಷರು ಸಂಜೆ ಆ 14 ಮೀಟರಿನ ಹಾದಿಯಲ್ಲಿ ನಡೆಯುತ್ತಾರೆ. ಎದುರಾದಾಗ ನನ್ನೊಡನೆ ಮಾತಾಡುವುದಿಲ್ಲ. ನಾನು ನಮಸ್ಕರಿಸುತ್ತೇನೆ, ಅವರು ನೀರಿನ ಕಡೆ ತಿರುಗುತ್ತಾರೆ. ಗೋದಾಮು ಕೆಡವುವ ಹಿಂದಿನ ದಿನ ಆ ಕಬ್ಬಿಣದ ತಗಡನ್ನು ಬಿಚ್ಚಿಸಿಕೊಳ್ಳಲು ನಾವು ಪತ್ರ ಬರೆದಿದ್ದೆವು. ಅದನ್ನು ಹೊಸ ತಡೆಗೋಡೆಯಲ್ಲಿ, ಮೊದಲಿದ್ದ ಮಟ್ಟಕ್ಕೇ ಅಳೆದು ಕೂರಿಸಿದ್ದಾರೆ. ಹಾದಿಯ ನೆಲವನ್ನು ಸ್ವಲ್ಪ ಎತ್ತರಿಸಿದ್ದರಿಂದ ಗೆರೆ ಈಗ ನನ್ನ ಸೊಂಟಕ್ಕೆ ಬರುತ್ತದೆ. ದೋಣಿಯ ಹಿರಿಯರು ಹೋಗಿಬರುವಾಗ ಅದರ ಮೇಲೆ ಕೂತ ಧೂಳನ್ನು ಅಂಗೈಯಿಂದ ಒರೆಸುತ್ತಾರೆ.